ಮರ ಯಾರ ಕೈಗೆ ಕೊಟ್ಟೆ?

ಊರಂಚಿನ ಕಾಡು ಕಡಿದು ಬಂಗಲೆ ಕಟ್ಟಲು ಬಂದವರನ್ನು ತಡೆಯಲು ನಾವು ಸರದಿಯಂತೆ ಮರಗಳನ್ನು ಅಪ್ಪಿಕೊಂಡು ನಿಲ್ಲುತ್ತಿದ್ದೆವು. ಬಿಟ್ಟ ಮರ ಬಿದ್ದಂತೆಯೇ. ಮುಂದಿನವರು ಬಂದು ಕೈಗೆ ಕೈ ಮುಟ್ಟಿಸುವವರೆಗೆ ಬಿಡಬಾರದೆಂಬುದು ನಮ್ಮ ಅತ್ತಿಗೆ ಮಾಡಿದ ನಿಯಮ.

ಆ ಮಧ್ಯಾಹ್ನ ಬಿಸಿಲಿಗೆ ತಲೆ ಸುಡುತ್ತಿತ್ತು. ಕಾಂಡದ ಆಚೆಯಿಂದ ಒಂದು ಕೈ ಬಂದು ನನ್ನ ಬೆರಳುಗಳ ಮೇಲೆ ಕೂತಿತು. ಒಣಗಿದೆಲೆಗಳ ಮೇಲೆ ಹೆಜ್ಜೆಯ ಸದ್ದಾಗಿರಲಿಲ್ಲ. ಕೈ ಬಾವಿನೀರಿನಷ್ಟು ತಣ್ಣಗಿತ್ತು. ಅತ್ತಿಗೆ ಇರಬೇಕೆಂದು ಮುಖವನ್ನೂ ನೋಡದೆ ಚಹಾ ಅಂಗಡಿಗೆ ಓಡಿದೆ. ಹೋರಾಟಗಾರನಿಗೂ ಗಂಟಲು ಒಣಗುತ್ತದೆ.

ಅಲ್ಲಿ ಅತ್ತಿಗೆ ಚಹಾ ಹೀರುತ್ತಾ ಕೂತಿದ್ದರು.

“ಅಯ್ಯೋ ಪುಣ್ಯಾತ್ಮ, ಮರ ಯಾರ ಕೈಗೆ ಕೊಟ್ಟು ಬಂದೆ?”

“ನಿಮಗೇ ಅಲ್ವಾ ಅತ್ತಿಗೆ?”

ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಗರಗಸದವನು ಯಂತ್ರ ನಿಲ್ಲಿಸಿ ಗೊಣಗುತ್ತಿದ್ದ: “ಆ ಅಜ್ಜೀನ ಮೊದ್ಲು ಕರ್ಕೊಂಡು ಹೋಗಿ, ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ.”

ಮರದ ಹತ್ತಿರ ಯಾರೂ ಇರಲಿಲ್ಲ.

ಸಂಜೆಯ ಸಭೆಯಲ್ಲಿ, ಮರ ಉಳಿಸಿದವನೆಂದು ನನಗೆ ಚಪ್ಪಾಳೆ ಬಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ, ವಿನಯವೆಂದುಕೊಂಡರು.

ಮರುದಿನ ನನ್ನ ಸರದಿಗೆ ಹೋಗಿ ಮರವನ್ನು ಅಪ್ಪಿದೆ. ಆಚೆ ಬದಿಯಲ್ಲಿ ಅದೇ ಕೈ ಸಿಕ್ಕಿತು. ನಿಯಮದ ಪ್ರಕಾರ ಅಜ್ಜಿ ಬಿಡಬೇಕಿತ್ತು. ಸಂಜೆಯವರೆಗೂ ಬಿಡಲಿಲ್ಲ.