ಡಿಸೆಂಬರ್ ಕೂಟ ಮತ್ತು ಅಜ್ಜಿಯ ನತ್ತು

ಬೈಗುಳ ಮರೆಯಬಹುದು, ಏಟು ಒರೆಸಿಕೊಳ್ಳಬಹುದು. ಅಡ್ಡಹೆಸರು ಮಾತ್ರ ಹಲಸಿನ ಮೇಣ. ಎಣ್ಣೆ ಹಚ್ಚಿ ತಿಕ್ಕಿದರೆ ಎಣ್ಣೆಯೂ ಅಂಟುತ್ತದೆ. ಡಾಲಸ್ ಪಕ್ಕದ ಇರ್ವಿಂಗ್‌ನ ಚಂದ್ರಮೋಹನನಿಗೆ ಹಾಗೆ ಅಂಟಿಕೊಂಡ ಹೆಸರು ‘ಕಾನ್‌ಸ್ಟೇಬಲ್’.

ಅಂಟಿಸಿದವನು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ಹೃದಯದ ಡಾಕ್ಟರ್ ಸತೀಶ, ಹಳೆಯ ಗೆಳೆಯ. ಪ್ರತಿ ಡಿಸೆಂಬರ್‌ನಲ್ಲಿ ಡಾಲಸ್ ಕಡೆಯಿಂದ ಚಂದ್ರಮೋಹನ ಮತ್ತು ಭಾನುಮತಿ, ಆಸ್ಟಿನ್‌ನಿಂದ ವಿನಾಯಕ್ ಮತ್ತು ಇಶಾ ಎಂಬ ಎಳೆಯ ಸಾಫ್ಟ್‌ವೇರ್ ದಂಪತಿ, ಹ್ಯೂಸ್ಟನ್ ಕಡೆಯ ಸತೀಶ ಮತ್ತು ಅಹಲ್ಯಾ, ಈ ಮೂರು ಮನೆಯವರು ಸೇರಿ ಕ್ರಿಸ್‌ಮಸ್ ಕಾಲದಲ್ಲಿ ನಡೆಯುವ ಒಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದರು. ಕೊನೆಯ ಅಧ್ಯಾಯ ಬಿಟ್ಟು ಉಳಿದದ್ದನ್ನು ಅವರವರ ಮನೆಯಲ್ಲೇ ಓದಿ ಬರಬೇಕು. ಸತೀಶನ ಮನೆಯ ಕೂಟದಲ್ಲಿ ಕೊಲೆಗಾರ ಯಾರೆಂದು ಒಬ್ಬೊಬ್ಬರೂ ಹೇಳಬೇಕು. ಆಮೇಲೆ ಕೊನೆಯ ಅಧ್ಯಾಯದ ಗಟ್ಟಿ ಪಾರಾಯಣ. ಸತೀಶನ ಊಹೆ ಒಂದು ಸಲವೂ ತಪ್ಪಿದ್ದಿಲ್ಲ, ಚಂದ್ರಮೋಹನನದು ಒಂದು ಸಲವೂ ಸರಿಯಾದದ್ದಿಲ್ಲ. ಒಂದು ವರ್ಷವಂತೂ ಮೊದಲ ಅಧ್ಯಾಯದಲ್ಲೇ ಸತ್ತು ಮಣ್ಣಾಗಿದ್ದ ಮುದುಕನೇ ಕೊಲೆಗಾರ ಎಂದು ಅವನು ಚಾರ್ಟು ಬರೆದುಕೊಂಡು ಬಂದು ವಾದಿಸಿದ್ದ.

“ಪ್ರತಿ ಪುಸ್ತಕದಲ್ಲೂ ಒಬ್ಬ ಪೆದ್ದ ಕಾನ್‌ಸ್ಟೇಬಲ್ ಇರ್ತಾನೆ ನೋಡಿ,” ಎಂದಿದ್ದ ಸತೀಶ, ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಾ. “ನಮ್ಮ ಕೂಟಕ್ಕೆ ನಮ್ಮ ಚಂದ್ರು.”

ಅಷ್ಟೇ. ಆ ಹೆಸರು ಹ್ಯೂಸ್ಟನ್‌ನಿಂದ ಇರ್ವಿಂಗ್‌ಗೆ ಅವನ ಕಾರಿಗಿಂತ ಮೊದಲು ಬಂದು ತಲುಪಿತ್ತು. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತರೆ ಮಕ್ಕಳು, “ಹಾಯ್ ಕಾನ್‌ಸ್ಟೇಬಲ್ ಅಂಕಲ್.” ಇಂಡಿಯನ್ ಸ್ಟೋರಿನಲ್ಲಿ ಬದನೆಕಾಯಿ ಆರಿಸುತ್ತಿದ್ದರೆ ಹಿಂದಿನಿಂದ ಯಾರೋ, “ಏನು ಕಾನ್‌ಸ್ಟೇಬಲ್ರೇ, ತನಿಖೆ ನಡೀತಾ ಇದೆಯಾ?” ಕಳೆದ ಬೇಸಗೆಯಲ್ಲಿ ಮಗಳು ಸಿಯಾಳ ನಿಶ್ಚಿತಾರ್ಥಕ್ಕೆ ಬಂದ ಬೀಗರು ಬಲು ವಿನಯದಿಂದ, “ತಾವು ಪೊಲೀಸ್ ಇಲಾಖೆಯಲ್ಲಿ ಯಾವ ಜಿಲ್ಲೆಯಲ್ಲಿ ಇದ್ರಿ?” ಎಂದು ಕೇಳಿದರು. ರಿಚರ್ಡ್‌ಸನ್ ಊರಿನ ಟೆಲಿಕಾಂ ಕಂಪನಿಯಲ್ಲಿ ಪ್ರಿನ್ಸಿಪಲ್ ಇಂಜಿನಿಯರ್ ಆಗಿ ನಿವೃತ್ತನಾದವನು ಅಂದು ಬೀಗರ ಮುಂದೆ ಜಾಮೂನು ನುಂಗಲಾರದೆ ಕುಳಿತ. ಆ ಹೊತ್ತಿಗೇ ತೀರ್ಮಾನ ಮಾಡಿದ: ಮೇಣ ಬಿಡಿಸಬೇಕು, ಸತೀಶನ ಚರ್ಮದ ಸಮೇತ.

ಮದ್ದು ಪುಸ್ತಕಗಳಲ್ಲೇ ಸಿಕ್ಕಿತು. ಕ್ರಿಸ್‌ಮಸ್ ಕೊಲೆಗಳನ್ನು ಅವನು ಲೈಬ್ರರಿಯಿಂದ ಚೀಲಗಟ್ಟಲೆ ತಂದು ಓದಿದ, ಈ ಸಲ ಪತ್ತೇದಾರನ ಪಕ್ಕ ಅಲ್ಲ, ಕಳ್ಳನ ಪಕ್ಕ ಕುಳಿತು. ಎಂಥ ದಡ್ಡರು ಆ ಅಪರಾಧಿಗಳು ಎಂದು ಅವನಿಗೆ ಮರುಕವೇ ಹುಟ್ಟಿತು. ಒಬ್ಬ ಹಿಮದಲ್ಲಿ ಹೆಜ್ಜೆಗುರುತು ಬಿಡುತ್ತಾನೆ. ಇನ್ನೊಬ್ಬ ಬೆಂಕಿಗೂಡಿಗೆ ಉಯಿಲು ಎಸೆಯುತ್ತಾನೆ, ಸಹಿ ಇರುವ ಮೂಲೆ ಮಾತ್ರ ಸುಡುವುದಿಲ್ಲ. ಮತ್ತೊಬ್ಬಳು ಪುಡಿಂಗಿನಲ್ಲಿ ವಿಷ ಹಾಕಿ, ಎಲ್ಲರಿಗಿಂತ ಮೊದಲು ಅಳುತ್ತಾಳೆ. ಚಂದ್ರಮೋಹನನಿಗೆ ಈ ಯಾವ ಅಪಾಯವೂ ಇರಲಿಲ್ಲ. ಹ್ಯೂಸ್ಟನ್‌ನ ಡಿಸೆಂಬರ್‌ನಲ್ಲಿ ಹಿಮ ಬೀಳುವುದಿಲ್ಲ, ಸೊಳ್ಳೆ ಕಚ್ಚುತ್ತದೆ. ಸತೀಶನ ಮನೆಯ ಬೆಂಕಿಗೂಡು ಟೀವಿಯಲ್ಲಿ ಉರಿಯುತ್ತದೆ, ಎಸಿ ಹಾಕಿಕೊಂಡು ಅದರ ಮುಂದೆ ಕೂರುತ್ತಾರೆ. ಇನ್ನು ಅವನು ಅಳುವ ಪೈಕಿಯಂತೂ ಅಲ್ಲ.

“ಆ ಕೊಲೆ ಪುಸ್ತಕ ಓದಿ ಓದಿ ನಿಮ್ಮ ಮುಖಾನೂ ಹಾಗೇ ಆಗ್ತಾ ಇದೆ,” ಎಂದಳು ಭಾನುಮತಿ. “ಕಸದ ಡಬ್ಬಿ ಆಚೆ ಇಟ್ಟು ಬನ್ನಿ ಮೊದಲು.”

ಮಹಾಪರಾಧಿಗಳ ಹೆಂಡತಿಯರಿಗೆ ಗಂಡಂದಿರ ಬೆಲೆ ಗೊತ್ತಿರುವುದಿಲ್ಲ. ಅವನು ಡಬ್ಬಿ ಇಟ್ಟು ಬಂದು ಯೋಜನೆ ಮುಂದುವರಿಸಿದ.

ಕೊಲೆ ಅವನಿಗೆ ಬೇಡವಾಗಿತ್ತು. ಸತ್ತವನಿಗೆ ಅವಮಾನ ಎಲ್ಲಿಂದ ಆಗಬೇಕು? ಸತೀಶ ಬದುಕಿರಬೇಕು, ಎಲ್ಲರೆದುರು ಕಳ್ಳನಾಗಿ ಬದುಕಿರಬೇಕು, ಅವನನ್ನು ಹಿಡಿದುಕೊಟ್ಟವನು ಚಂದ್ರಮೋಹನನೇ ಆಗಿರಬೇಕು. ಅಹಲ್ಯಾಳಿಗೆ ಅಜ್ಜಿಯಿಂದ ಬಂದ ಒಂದು ಮುತ್ತಿನ ನತ್ತು ಇತ್ತು. ಧಾರವಾಡದ ಮನೆಯ ನತ್ತು, ಹಳೆಯ ಕಾಲದ ದಪ್ಪ ಮುತ್ತುಗಳು, ನಡುವೆ ಕೆಂಪು. ಮನೆಯ ಲಾಕರಿನಲ್ಲಿ ಇರುವ ಅದನ್ನು ಶುಕ್ರವಾರ ಮಾತ್ರ ಹೊರಗೆ ತೆಗೆದು ಲಕ್ಷ್ಮಿಯ ಮುಂದೆ ಬೆಳ್ಳಿ ಭರಣಿಯಲ್ಲಿ ಇಡುತ್ತಿದ್ದಳು, ಸಂಜೆ ಆರತಿಯಾದ ಮೇಲೆ ಮತ್ತೆ ಒಳಗೆ. ಅದಕ್ಕೆ ಇನ್ಶೂರೆನ್ಸ್ ಮಾಡಿಸಿರುವುದನ್ನು ಸತೀಶ ಹೋದ ವರ್ಷವೇ ಎಲ್ಲರಿಗೂ ಕೊಚ್ಚಿಕೊಂಡಿದ್ದ. ದೇವರ ಮನೆ ಕಡೆಗೆ ಕ್ಯಾಮೆರಾ ಬೇಡವೆಂದು ಅಹಲ್ಯಾ ಹಟ ಹಿಡಿದದ್ದರಿಂದ ಮನೆಯೊಳಗೆ ಕ್ಯಾಮೆರಾ ಇರಲಿಲ್ಲ. ಇದ್ದದ್ದು ಬಾಗಿಲ ಬೆಲ್ಲಿನಲ್ಲಿ ಮಾತ್ರ. ಇಷ್ಟು ಸಾಲದೆ, ಈ ವರ್ಷದ ಕೂಟವನ್ನು ಕ್ರಿಸ್‌ಮಸ್‌ಗೆ ಮುಂಚಿನ ಶುಕ್ರವಾರಕ್ಕೆ ಇಡೋಣ ಎಂದು ಗ್ರೂಪಿನಲ್ಲಿ ಚಂದ್ರಮೋಹನ ಸೂಚಿಸಿದಾಗ ಸತೀಶನೇ ಮೊದಲು ಹೆಬ್ಬೆರಳು ಎತ್ತಿದ.

ಇನ್ನು ಉಳಿದದ್ದು ಮನೆತುಂಬ ಇರುವ ಕಣ್ಣುಗಳು. ಇಲ್ಲಿ ಅವನ ಪ್ರತಿಭೆ ನಿಜವಾಗಿ ಹೂ ಬಿಟ್ಟಿತು. ಇಂಗ್ಲಿಷ್ ಕಾದಂಬರಿಗಳಲ್ಲಿ ಒಂದು ಕೋಣೆಯ ಜನವೆಲ್ಲ ಒಟ್ಟಿಗೆ ನಿದ್ದೆಹೋದರೆ ಇನ್‌ಸ್ಪೆಕ್ಟರ್ ಓಡಿ ಬರುತ್ತಾನೆ, ಲೋಟ ಮೂಸುತ್ತಾನೆ. ಆದರೆ ಬಿಸಿಬೇಳೆಬಾತು, ಕೋಸಂಬರಿ, ಹೋಳಿಗೆ ತಿಂದ ಕನ್ನಡಿಗರು ಮಧ್ಯಾಹ್ನ ಸೋಫಾದಲ್ಲಿ ಬಾಯಿ ತೆರೆದು ಮಲಗಿದರೆ ಯಾರಿಗೆ ಅನುಮಾನ? ಮಲಗದಿದ್ದರೆ ಅನುಮಾನ. ಕೇಸರಿ ಹಾಕಿದ ಬಾದಾಮಿ ಹಾಲು ಪ್ರತಿ ವರ್ಷ ಅವನದೇ ಬಾಬತ್ತು, ದೊಡ್ಡ ಫ್ಲಾಸ್ಕಿನಲ್ಲಿ ಇರ್ವಿಂಗ್‌ನಿಂದ ತರುತ್ತಿದ್ದ. ನಿವೃತ್ತಿಯ ಮೇಲೆ ನಿದ್ದೆ ಬಾರದೆ ಡಾಕ್ಟರು ಬರೆದುಕೊಟ್ಟ ಮಾತ್ರೆಗಳು ಅವನ ಬಳಿ ಇದ್ದವು. ಕಹಿಯನ್ನು ಏಲಕ್ಕಿ ನೋಡಿಕೊಳ್ಳುತ್ತದೆ.

ಶುಕ್ರವಾರ ಮಧ್ಯಾಹ್ನ ಎಲ್ಲವೂ ಅವನು ಬರೆದ ಹಾಗೆಯೇ ನಡೆಯಿತು. ಡಾಲಸ್‌ನಿಂದ ಬರುವ ಹೆದ್ದಾರಿಯಲ್ಲಿ ರಜೆಯ ಟ್ರಾಫಿಕ್ಕು, ತಡ. ತಲುಪುವಷ್ಟರಲ್ಲಿ ಎಲೆ ಹಾಕಿ ಕಾಯುತ್ತಿದ್ದರು. ಚಂದ್ರಮೋಹನ ನಾಲ್ಕು ತುತ್ತು ತಿಂದು, ಹಾಲು ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡ. ಊಟದ ಮನೆಯಿಂದ ಸತೀಶನ ದನಿ ಕೇಳುತ್ತಿತ್ತು.

“ಏನಪ್ಪಾ ಕಾನ್‌ಸ್ಟೇಬಲ್, ಈ ಸಲ ಯಾರು? ಕ್ರಿಸ್‌ಮಸ್ ಮರಾನೇ ಕೊಲೆ ಮಾಡ್ತಾ?”

“ಸುಮ್ನಿರ್ರೀ, ಪಾಪ,” ಎಂದಳು ಅಹಲ್ಯಾ. ಆ ‘ಪಾಪ’ ಅವನಿಗೆ ಬೈಗುಳಕ್ಕಿಂತ ಉರಿಯಿತು. ಇನ್ನೊಂದು ಮಾತ್ರೆ ಪುಡಿ ಮಾಡಿದ.

ಈ ವರ್ಷ ಕೂಟದಲ್ಲಿ ಒಬ್ಬರು ಹೆಚ್ಚಿಗೆ ಇದ್ದರು. ಅಹಲ್ಯಾಳ ತಾಯಿ ಅನುಸೂಯಾಬಾಯಿ, ಧಾರವಾಡದಿಂದ ಚಳಿಗಾಲಕ್ಕೆಂದು ಬಂದವರು, ಎಂಬತ್ತರ ಹತ್ತಿರದ ಅಜ್ಜಿ. ಇಂಗ್ಲಿಷ್ ಓದಲು ಬಾರದು, ಆದರೆ ಮಗಳ ಬಾಯಿಂದ ಇಡೀ ಕಾದಂಬರಿ ಕೇಳಿಸಿಕೊಂಡಿದ್ದರು, ಅವರದೇ ಆಕ್ಷೇಪಣೆಗಳು ಇದ್ದವು.

“ಕೊಂದಾಂವ ಯಾರು ಅನ್ನೋದು ಆಮ್ಯಾಲೆ ಇರ್ಲಿ,” ಎಂದರು ಎಲ್ಲರೂ ಹಾಲ್‌ನಲ್ಲಿ ಸೇರಿದಾಗ, ರಿಕ್ಲೈನರಿನಲ್ಲಿ ಕಾಲು ಚಾಚಿ. “ಅಷ್ಟ ದೊಡ್ಡ ಮನಿ, ಹಬ್ಬದ ದಿನ, ಮಂದಿ ಬಂದಾರ. ದೀಪಾ ಆರಿಸಿ ಯಾಕ ಕೂಡ್ತಾರ ಅವ್ರು? ಕೊಲಿ ಆಗದ ಏನಾಗ್ತದ?”

“ಅಜ್ಜಿ ಪಾಯಿಂಟ್ ಕರೆಕ್ಟು,” ಎಂದ ವಿನಾಯಕ್. ಇಶಾ ನಕ್ಕಳು.

ಚಂದ್ರಮೋಹನ ತಾನೇ ಟ್ರೇ ಹಿಡಿದು ಬಂದ. ಅಜ್ಜಿಯ ಲೋಟಕ್ಕೆ ಅರ್ಧ ಮಾತ್ರ ಸುರಿದಿದ್ದ. ಅವನೇನು ಕಟುಕನೇ? ತನ್ನ ಲೋಟವನ್ನು ತುಟಿಗೆ ತಾಗಿಸಿ, ಸ್ಪೂನ್ ತರುವೆನೆಂದು ಒಳಗೆ ಹೋಗಿ ಸಿಂಕಿಗೆ ಸುರಿದು, ನೀರು ಬಿಟ್ಟು, ಉಳಿದ ಲೋಟಗಳು ಖಾಲಿಯಾಗುವವರೆಗೆ ಅಲ್ಲೇ ಇದ್ದು ಬಂದ. ಬಂದಾಗ ಲೋಟಗಳೆಲ್ಲ ಟ್ರೇಗೆ ಮರಳಿದ್ದವು, ಎಲ್ಲವೂ ಬರಿದು. ಅವನ್ನೂ ತೊಳೆದಿಟ್ಟ. ಇಷ್ಟು ಚೊಕ್ಕಟದ ಅಪರಾಧಿ ಆ ಕಾದಂಬರಿಗಳಲ್ಲಿ ಒಬ್ಬನಾದರೂ ಇದ್ದನೇ?

ಮೊದಲು ಭಾನುಮತಿಯ ತಲೆ ವಾಲಿತು. ಆಮೇಲೆ ಎಳೆಯರಿಬ್ಬರೂ ಒಬ್ಬರ ಭುಜಕ್ಕೊಬ್ಬರು. ಅಹಲ್ಯಾ ಕಾರ್ಪೆಟ್ಟಿನ ಮೇಲೆ ದಿಂಬು ಹಾಕಿಕೊಂಡಳು. ರಿಕ್ಲೈನರಿನಲ್ಲಿ ಅಜ್ಜಿಯ ಕಣ್ಣು ಮುಚ್ಚಿತು. ಸತೀಶನಂತೂ ಮಾತಿನ ನಡುವೆಯೇ ಬಿದ್ದ, ಮನೆಯ ಗಾಜು ನಡುಗುವಂತೆ ಗೊರಕೆ. ಹೃದಯದ ಡಾಕ್ಟರಿಗೆ ಮಾತ್ರೆ ಇಷ್ಟು ಹಿಡಿಯುತ್ತದೆಂದು ಚಂದ್ರಮೋಹನ ಎಣಿಸಿರಲಿಲ್ಲ. ಖುಷಿಯಾಯಿತು.

ಎದ್ದ. ಟಿಶ್ಯೂ ಹಿಡಿದು ಹಾಲ್‌ಗೆ ತೆರೆದುಕೊಂಡ ದೇವರ ಮನೆಗೆ ನಡೆದ, ಭರಣಿ ತೆರೆದ, ನತ್ತು ತೆಗೆದ. ಹಾಲ್‌ನ ಇನ್ನೊಂದು ತುದಿಯಲ್ಲಿ ಗ್ಯಾರೇಜಿನ ಬಾಗಿಲ ಬಳಿ ಸತೀಶನ ಗಾಲ್ಫ್ ಚೀಲ ನಿಂತಿತ್ತು, ಅದರ ಪಕ್ಕದ ಜೇಬಿನ ತಳಕ್ಕೆ ಇಳಿಸಿದ. ಟಿಶ್ಯೂ ಟಾಯ್ಲೆಟ್ಟಿಗೆ. ಬಂದು ಒಂಟಿ ಸೋಫಾದಲ್ಲಿ ಕುಳಿತು, ಬಾಯಿ ತೆರೆದು, ಕಲೆಗಾರನ ನಿಷ್ಠೆಯಿಂದ ಗೊರಕೆ ಹೊಡೆದ. ಎಲ್ಲರೂ ಒಬ್ಬೊಬ್ಬರಾಗಿ ಎದ್ದರು, ಕೊನೆಗೆ ಎದ್ದವನು ಅವನೇ.

ಸಂಜೆ ದೀಪ ಹಚ್ಚಲು ಹೋದ ಅಹಲ್ಯಾ ಅಲ್ಲಿಂದಲೇ ಕರೆದಳು. “ಏನ್ರೀ, ನತ್ತು ನೀವು ತಗದಿಟ್ರೇನು?”

ಮುಂದಿನದು ಸತೀಶನ ತನಿಖೆ. ಬಾಗಿಲ ಕ್ಯಾಮೆರಾ ನೋಡಿದ, ಅಳಿಲೊಂದು ಬಿಟ್ಟರೆ ಯಾರೂ ಬಂದಿರಲಿಲ್ಲ. ನೆಲ ಗುಡಿಸುವ ರೋಬೋವಿನ ಹೊಟ್ಟೆ ಬಗೆದ, ಕೂದಲು ಸಿಕ್ಕಿತು. ಎಸಿ ಕಿಂಡಿಗೆ ಟಾರ್ಚ್ ಬಿಟ್ಟ. ಕೊನೆಗೆ ಇಶಾಳನ್ನು, “ನೀನು ಮಧ್ಯೆ ಎದ್ದಿದ್ದೆಯಾ?” ಎಂದು ಕೇಳಿ ಅವಳ ಕಣ್ಣಲ್ಲಿ ನೀರು ತರಿಸಿದ. ಅಹಲ್ಯಾ ದೇವರ ಮುಂದೆ ಕುಸಿದು ಕುಳಿತಿದ್ದಳು, ತೀರಿಹೋದ ತನ್ನ ಅಜ್ಜಿಯ ಕೈಯಿಂದ ಬಂದ ಒಂದೇ ವಸ್ತು ಅದು. ಚಂದ್ರಮೋಹನ ಇದನ್ನೆಲ್ಲ ಬೇಕಾದಷ್ಟು ಹೊತ್ತು ಸವಿದು, ಗಂಟಲು ಸರಿಮಾಡಿಕೊಂಡು ಎದ್ದು ನಿಂತ.

“ಡಾಕ್ಟ್ರೇ, ಒಂದು ನಿಮಿಷ. ಹೊರಗಿನವರು ಬಂದಿಲ್ಲ. ಹಾಗಾದ್ರೆ ತೆಗೆದವರು ಒಳಗಿನವರು. ಅತಿಥಿಗಳಿಗೆ ಅದನ್ನ ಮಾರೋಕೂ ಆಗಲ್ಲ, ಹಾಕ್ಕೊಳ್ಳೋಕೂ ಆಗಲ್ಲ. ಅದು ಕಳೆದುಹೋದ್ರೆ ಈ ಮನೇಲಿ ಲಾಭ ಯಾರಿಗೆ? ಇನ್ಶೂರೆನ್ಸ್ ಕಾಗದಕ್ಕೆ ಸಹಿ ಹಾಕಿದವರಿಗೆ. ಹೆಂಡತಿ ಯಾವತ್ತೂ ಕೈ ಹಾಕದ, ಗಂಡ ಮಾತ್ರ ಮುಟ್ಟೋ ಜಾಗ ಯಾವುದು? ವಿನಾಯಕ್, ಆ ಗಾಲ್ಫ್ ಚೀಲ ತಗೊಂಡು ಬಾರಪ್ಪ.”

ವಿನಾಯಕ್ ತಂದ. ಜೇಬುಗಳನ್ನು ಒಂದೊಂದಾಗಿ ತಡಕಿದ. ಅವನ ಅಂಗೈ ಮೇಲೆ ಮುತ್ತುಗಳು ಕಂಡವು. ಅಹಲ್ಯಾ ಗಂಡನನ್ನು ನೋಡಿದ ನೋಟ ಇತ್ತಲ್ಲ, ಅದಕ್ಕೆ ಚೌಕಟ್ಟು ಹಾಕಿಸಿ ಇರ್ವಿಂಗ್‌ನ ಮನೆಯಲ್ಲಿ ತೂಗುಹಾಕಬಹುದಿತ್ತು. “ನಮ್ಮನೆಯವರು ಇಷ್ಟು ಬುದ್ಧಿವಂತರು ಅಂತ ನನಗೇ ಗೊತ್ತಿರ್ಲಿಲ್ಲ,” ಎಂದಳು ಭಾನುಮತಿ ಮೆಲ್ಲಗೆ. ಬೀಗರಿಗೆ ಇದನ್ನು ಯಾವ ಮಾತುಗಳಲ್ಲಿ ಹೇಳಬೇಕೆಂದು ಚಂದ್ರಮೋಹನ ಆಗಲೇ ಜೋಡಿಸತೊಡಗಿದ್ದ.

“ಭಾಳ ಛಂದ ಆತು ತಮ್ಮಾ ನಿನ್ನ ನಾಟಕ,” ಎಂದರು ಅನುಸೂಯಾಬಾಯಿ ರಿಕ್ಲೈನರಿನಿಂದ, ಮುಖ ಅರಳಿಸಿಕೊಂಡು. “ಆದ್ರ ಅಹಲ್ಯಾ ಅಳ್ಳಿಕ್ಕತ್ಯಾಳ, ಇನ್ನ ಮುಗಸು. ನತ್ತು ನೀನ ತಗೊಂಡು ಹೋಗಿ ಆ ಕೋಲಿನ ಚೀಲದಾಗ ಇಟ್ಟದ್ದು ಹೇಳಿಬಿಡು. ಕಾಲ ತೊಳೀದ ದೇವರ ಮನಿಗೆ ಹೋದಿ ನೋಡು, ಆವಾಗ ಒದರಬೇಕಂತ ಬಾಯಿಗೆ ಬಂದಿತ್ತು, ಆಟ ಕೆಡಸಬಾರದಂತ ಕಣ್ಣ ಸಣ್ಣ ಮಾಡಿ ಸುಮ್ನ ನೋಡಕೋತ ಕೂತೆ.” ಎಲ್ಲರ ತಲೆಗಳೂ ಚಂದ್ರಮೋಹನನ ಕಡೆ ತಿರುಗಿದವು. ಅವನು ನಕ್ಕ, ಬಲು ಸಹನೆಯಿಂದ ನಕ್ಕ. “ಅಜ್ಜಿಗೆ ಕನಸು ಬಿದ್ದಿದೆ. ನನ್ನ ಹಾಲು ಕುಡಿದ ಮೇಲೆ ನೀವು ಎಚ್ಚರವಾಗಿರೋಕೆ ಸಾಧ್ಯಾನೇ ಇಲ್ಲ ಅಜ್ಜಿ,” ಎಂದ. ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ಸತೀಶ ನಿಧಾನವಾಗಿ ಎದ್ದು ಕನ್ನಡಿಯ ಮುಂದೆ ನಿಂತು ತನ್ನ ಕಣ್ಣಿನ ಪಾಪೆಗಳನ್ನು ನೋಡಿಕೊಳ್ಳುತ್ತಿದ್ದ. “ಯಾವ ಹಾಲೋ ತಮ್ಮಾ?” ಎಂದರು ಅಜ್ಜಿ. “ಕ್ರಿಸ್‌ಮಸ್ಸು ಎಂದು ಬರ್ತದಂತ ಅಷ್ಟ ಲೆಕ್ಕಾ ಹಾಕ್ತಿ, ಇವತ್ತ ವೈಕುಂಠ ಏಕಾದಶಿ ಅನ್ನೋದು ನಿನಗ ಗೊತ್ತಿಲ್ಲೇನು? ನಾ ನೀರು ಸೈತ ಮುಟ್ಟಿಲ್ಲ. ನನ್ನ ಲೋಟಾನೂ ಅಳಿಯಂದಿರಿಗೇ ಕೊಟ್ಟೆ.”