ಬರ್ತಾನೇ ಇರ್ತೀನಿ

ನಮ್ಮ ರೇಷ್ಮೆ ಹುಳುಮನೆಯಲ್ಲಿ ತಾನಾಗಿ ತುಂತುರು ನೀರು ಬಿಡುವ ಪ್ರೋಗ್ರಾಂ ಬರೆದಿದ್ದು ರಜನಿ ಅತ್ತಿಗೆ. ಒಂದು ಸಿಂಪಡಣೆ ಮುಗಿದ ಕಾಲು ಗಂಟೆಗೆ ಇನ್ನೊಂದು ಶುರುವಾಗುತ್ತಿತ್ತು. ಗಂಗಾಧರಣ್ಣ ಹೊಡೆದು ಹೊರಗೆ ದಬ್ಬಿದಾಗ ಅತ್ತಿಗೆ ಹೊಸ್ತಿಲಾಚೆ ನಿಂತು, “ಹೋಗಿ ಬರ್ತೀನಿ ಅನ್ನಲ್ಲ. ಬರ್ತಾನೇ ಇರ್ತೀನಿ” ಅಂದರು. ಮಾರನೆಯ ದಿನ ದೇವರಾಯಸಮುದ್ರದ ಕೆರೆಯಲ್ಲಿ ಅವರ ಹೆಣ ತೇಲಿತು.

ತಿಥಿ ಮುಗಿದ ಮಧ್ಯಾಹ್ನ, ಸೊಪ್ಪು ಮೇಯುತ್ತಿದ್ದ ಹುಳುಗಳ ಸದ್ದು ಒಮ್ಮೆಲೇ ನಿಂತಿತು. ಪೈಪುಗಳು ಕೆರೆಪಾಚಿ ನಾರುವ ನೀರು ಉಗುಳಿದವು.

“ಲೇ, ಆಫ್ ಮಾಡೋ!” ಅಣ್ಣ ಕಿರುಚಿದ.

“ಪ್ರೋಗ್ರಾಂ ಅಳಿಸಿ ವೈರೂ ಕಿತ್ತಾಕಿದೀನಿ ಕಣಣ್ಣ.”

ಕೊನೆಗೆ ಪೈಪುಗಳನ್ನೇ ಕಿತ್ತೆಸೆದೆವು. ಹುಳುಮನೆ ಒಣಗಿತು. ಈಗ ಅಣ್ಣನಿಗೆ ಕೆಮ್ಮು. ಒಮ್ಮೆ ನಿಂತರೆ ಸರಿಯಾಗಿ ಕಾಲು ಗಂಟೆಗೆ ಮತ್ತೆ ಬರುತ್ತದೆ. ಬಾಯಿಂದ ಬೀಳುವ ನೀರಿನಲ್ಲಿ ಹಸಿರು ಪಾಚಿ ಇರುತ್ತದೆ.