ಗೂಬೆ ಮುಟ್ಟಿದ ಕೈ

"ಅಯ್ಯಯ್ಯೋ! ಗೂಬೆ... ಗೂಬೆ ಕಣ್ರಪ್ಪೋ! ಏಳಿ, ಆಚೆಗ್ ನಡೀರಿ!"

ಹೆಣ್ಣು ನೋಡಲು ಬಂದವರ ಪೈಕಿ ಹಿರಿಯರಾದ ಚಿಕ್ಕಮಾದಯ್ಯನವರ ಕೈಯಿಂದ ಕೇಸರಿಬಾತಿನ ತಟ್ಟೆ ಜಾರಿಬಿತ್ತು. ಮಟಮಟ ಮಧ್ಯಾಹ್ನ! ಕಾಗೆಗಳ ದಂಡು ಅಟ್ಟಿಸಿಕೊಂಡು ಬಂದ ಬಿಳಿ ಮುಖದ ಗೂಬೆಯೊಂದು ಅಕ್ಕಿಹೆಬ್ಬಾಳಿನ ಚಿಕ್ಕಸ್ವಾಮಿಯವರ ನಡುಮನೆಗೆ ನುಗ್ಗಿ, ದೇವರ ಪಟಕ್ಕೆ ರೆಕ್ಕೆ ಬಡಿದು, ಕಾಫಿ ಲೋಟಗಳ ನಡುವೆ ಬಿದ್ದಿತ್ತು.

ಕಣ್ಣು ಮಿಟುಕಿಸುವಷ್ಟರಲ್ಲಿ ಮನೆ ಬರಿದಾಯಿತು. ಅಪ್ಪ, ಅವ್ವ, ಸಂಬಂಧ ತಂದ ಕೆಂಪಣ್ಣ, ಬಂದ ನೆಂಟರು... ಎಲ್ಲರೂ ಅಂಗಳಕ್ಕೆ!

ಚಿಕ್ಕಸ್ವಾಮಿಯವರ ಮಗಳು ರಂಜಿತ ಮಾತ್ರ ನಿಂತಲ್ಲೇ ನಿಂತಳು. ಹಕ್ಕಿಯ ಎದೆ ಪಟಪಟನೆ ಬಡಿದುಕೊಳ್ಳುತ್ತಿತ್ತು. 'ಪಾಪ... ನಮ್ಮೆಲ್ಲರಿಗಿಂತ ಹೆಚ್ಚು ಹೆದರಿರೋದು ಇದೇ.'

"ಕಿಟಕಿ ಮುಚ್ತೀನಿ. ಬೆಳಕು ಕಮ್ಮಿ ಆದ್ರೆ ಸುಮ್ನಾಗ್ತದೆ."

ಹಿಂದಿನಿಂದ ಬಂದ ದನಿಗೆ ಅವಳು ತಿರುಗಿದಳು. ಹುಡುಗ! ಬಿಂಡಿಗನವಿಲೆಯ ಹಾಲಿನ ಡೈರಿಯ ದಿಲೀಪ್. ಅಷ್ಟು ಹೊತ್ತೂ ತಲೆಯೆತ್ತಿ ನೋಡದಿದ್ದವಳು ಈಗ ಅವನನ್ನು ನೇರವಾಗಿ ನೋಡಿದಳು.

"ನೀವು ಓಡ್ಲಿಲ್ವಾ?"

"ನೀವೇ ನಿಂತಿದ್ದೀರಲ್ಲ. ನಾನ್ ಓಡೋದ್ರೆ ಹೆಣ್ಣು ನನ್ನೇ ಬ್ಯಾಡ ಅಂದ್ಬುಟ್ರೆ?"

ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು! ಅವನು ಕಿಟಕಿ ಮುಚ್ಚಿದ. ಅವಳು ಮೆಲ್ಲಗೆ ಟವಲ್ಲು ಹಾಸಿ, ರೆಕ್ಕೆಗಳನ್ನು ಜೋಡಿಸಿ, ಹಸುಗೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡಳು. ಹಿತ್ತಿಲ ಬಾಗಿಲ ಅಗುಳಿ ಅವನೇ ತೆಗೆದ. ಹುಣಸೆ ಮರದ ನೆರಳಲ್ಲಿ ಟವಲ್ಲು ಬಿಚ್ಚಿದಾಗ ಹಕ್ಕಿ ಒಂದು ಗಳಿಗೆ ಇಬ್ಬರನ್ನೂ ನೋಡಿ, ಸದ್ದಿಲ್ಲದೆ ಹಾರಿಹೋಯಿತು.

ಅಂಗಳದಲ್ಲಿ ಚಿಕ್ಕಮಾದಯ್ಯ ಕಾದಿದ್ದರು. "ಯಾರ್ಲಾ ಅದ್ನ ಮುಟ್ಟುದ್ದು?"

"ನಾನೇ ಕಣ್ ದೊಡ್ಡಪ್ಪ," ಎಂದ ದಿಲೀಪ್. "ಅವ್ರು ದೂರದಲ್ಲಿ ನಿಂತಿದ್ರು."

ರಂಜಿತಳಿಗೆ ಸಿಡಿಲು ಬಡಿದಂತಾಯಿತು. 'ಹಿಡಿದವಳು ನಾನು, ಹೆಸರು ಇವನಿಗಾ? ಎಂಥ ಬಡಾಯಿ ಮನುಷ್ಯ!' ಅವಳು ಬಾಯಿ ತೆರೆಯುವ ಮೊದಲೇ ನೆಂಟರು ಗಾಡಿ ಹತ್ತಿದ್ದರು. ಅವನು ತಿರುಗಿಯೂ ನೋಡಲಿಲ್ಲ...

ಗೂಬೆ ಹೊಕ್ಕ ಮನೆಗೆ ಮೂರು ತಿಂಗಳು ಬೀಗ. ಹಿರಿಯರ ಮಾತು, ಮೀರುವಂತಿಲ್ಲ. ಪಾತ್ರೆ ಪಡಗ ಹೊತ್ತು ಎಲ್ಲರೂ ಗದ್ದೆ ಬಯಲಿನ ಪಂಪ್‌ಸೆಟ್ ಮನೆಗೆ ಹೋದರು. ಅಜ್ಜಿ ಚಿಕ್ಕಬೋರಮ್ಮ ಮಾತ್ರ ಮೊಮ್ಮಗಳ ತಲೆ ಸವರುತ್ತಾ, "ದ್ಯಾವ್ರು ಮಾಡಿದ್ ಜೀವ್ದಲ್ಲಿ ಕೆಟ್ಟದ್ದು ಅಂತ ಯಾವ್ದವ್ವ ಅದೆ? ತಡ್ಕೊ, ಒಳ್ಳೇದಾಯ್ತದೆ" ಎಂದಳು.

ಒಂದು ದಿನ ತಡೆಯಲಾರದೆ ರಂಜಿತ ಅವನಿಗೊಂದು ಮೆಸೇಜು ಕಳಿಸಿದಳು. 'ಕ್ಷೇಮವಾ?' ಅಷ್ಟೇ. ಅವನು ಓದಿದ... ಉತ್ತರ ಬರಲೇ ಇಲ್ಲ!

ಮಾರನೇ ವಾರ ಕೆಂಪಣ್ಣ ಬಂದ. "ಮರ್ತ್ಬುಡವ್ವ ಆ ಸಂಬಂಧವ. ಹುಡ್ಗ ಆವತ್ತೇ ಹೊಳೇಲಿ ಮುಳುಗಿ ಶಾಂತಿ ಮಾಡಿಸ್ಕಂಡ್ನಂತೆ."

ಅವಳ ಎದೆ ಚುರುಕ್ಕೆಂದಿತು. 'ನಮ್ಮ ಮನೆಗೆ ಬಂದುಹೋದದ್ದನ್ನೂ ತೊಳೆದುಕೊಳ್ಳಬೇಕಿತ್ತಾ ಅವನು?' ಹೊಲಿಗೆ ಯಂತ್ರದ ಮುಂದೆ ಕೂತವಳ ಕಣ್ಣೀರು ಯಾರದೋ ಮದುವೆ ರವಿಕೆಯ ಮೇಲೆ ಬಿತ್ತು.

ಎರಡೂವರೆ ತಿಂಗಳು ಹೀಗೇ ಸರಿಯಿತು. ಅಷ್ಟರಲ್ಲಿ ದಿಲೀಪನ ತಂಗಿ ಮೇಘನಳ ಮದುವೆ ಬಂತು. ಮದುಮಗ ಕುಮಾರ್, ಚಿಕ್ಕಬೋರಮ್ಮನ ತಂಗಿಯ ಮೊಮ್ಮಗ.

"ನಾನ್ ಬರಲ್ಲ ಅಜ್ಜಿ!"

"ಬೀಗ ಹಾಕಿರಾದು ಮನೆಗೆ ಕಣವ್ವ, ಮನುಷರ್ಗಲ್ಲ. ನಡಿ."

ನಾಗಮಂಗಲದ ಛತ್ರದ ಮುಂದೆ, ಹೊಂಗೆ ಮರದಡಿ, ಹೊಸ ಪಂಚೆಯುಟ್ಟ ದಿಲೀಪ್ ಬಂದವರಿಗೆಲ್ಲ ನೀರು ಕೊಡುತ್ತಾ ನಿಂತಿದ್ದ. ಅವನನ್ನು ಕಂಡದ್ದೇ ಅವಳ ನೋವೆಲ್ಲ ನಾಲಿಗೆಗೆ ಬಂತು.

"ಏನು, ಗೂಬೆ ಹಿಡಿದ ಶೂರರು ತಂಗಿ ಮದ್ವೇಲಿ ನೀರ್ ಕೊಡ್ತಾವ್ರೆ?"

ಅವನು ನಕ್ಕ. ಆ ನಗುವಿನಲ್ಲಿ ಏನೋ ಮುರಿದಿತ್ತು. "ಬಿಸ್ಲಲ್ಲಿ ಬಂದಿದ್ದೀರ. ಮೊದ್ಲು ನೀರ್ ಕುಡೀರಿ."

ಅವಳು ಕುಡಿಯದೆ ಒಳಹೋದಳು.

ಧಾರೆಗೆ ಕರೆದರು. ನೆಂಟರೆಲ್ಲ ಹಾಲೆರೆಯಲು ಸಾಲುಗಟ್ಟಿದರು. ದಿಲೀಪನ ತಾಯಿ ಪುಟ್ಟಲಕ್ಷ್ಮಮ್ಮ ಕಂಬದ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾಕವ್ವ, ಶುಭದ್ ಹೊತ್ನಲ್ಲಿ?" ಎಂದಳು ಚಿಕ್ಕಬೋರಮ್ಮ.

"ಏನ್ ಯೋಳ್ಳಿ ಅತ್ತೆಮ್ಮ... ಗೂಬೆ ಮುಟ್ಟಿದೋನು ಮೂರ್ ತಿಂಗ್ಳು ಶುಭಕಾರ್ಯಕ್ಕೆ ಕೈ ಹಾಕಂಗಿಲ್ವಂತೆ. ಚಪ್ಪರದ್ ಒಳಿಕೆ ಬರಂಗಿಲ್ಲ, ಮದ್ವೆ ಗಿದ್ವೆ ಅಂತ ಶುಭದ್ ಮಾತೂ ಆಡಂಗಿಲ್ಲ. ಇರೋಳು ಒಬ್ಳೇ ತಂಗಿ... ಅವ್ಳ ಧಾರೆಗೆ ಒಂದ್ ಹನಿ ಹಾಲ್ ಬುಡಕ್ಕಾಗ್ದೆ ಆಚೆ ನಿಂತವ್ನೆ ನನ್ ಮಗ!"

ರಂಜಿತಳ ಕಾಲಡಿಯ ನೆಲವೇ ಸರಿದಂತಾಯಿತು. ಅದು ಬಡಾಯಿಯಾಗಿರಲಿಲ್ಲ... ತನ್ನ ತಲೆಯ ಮೇಲೆ ಬೀಳಬೇಕಾದದ್ದನ್ನು ಅವನು ಹೊತ್ತುಕೊಂಡು ಹೋಗಿದ್ದ!

ಅವಳು ಹೊರಗೋಡಿದಳು.

"ಯಾಕೆ ಸುಳ್ಳು ಹೇಳಿದ್ರಿ?"

ದಿಲೀಪ್ ತಲೆ ತಗ್ಗಿಸಿದ. "ಗಂಡಸಾದ್ರೆ ಮೂರ್ ತಿಂಗ್ಳಿಗೆ ಕಳೀತದೆ. ಹೆಣ್ಮಕ್ಕಳಿಗೆ ಆ ಹೆಸ್ರು ಅಂಟ್ಕಂಡ್ರೆ ಜನ್ಮಪೂರ್ತಿ ಬುಡಲ್ಲ ರಂಜಿತ."

"ನೀವು ಇದನ್ನೆಲ್ಲ ನಂಬ್ತೀರಾ?"

"ನಾನ್ ನಂಬಲ್ಲ. ನಂಬೋಳು ನಮ್ಮವ್ವ. ಅವಳ ಸಮಾಧಾನಕ್ಕೇ ಹೊಳೇಲಿ ಮುಳುಗಿದ್ದು."

"ನನ್ನ ಮೆಸೇಜಿಗೆ ಒಂದು ಉತ್ತರ...?"

"ಶುಭದ ಮಾತು ಆಡಲ್ಲ ಅಂತ ಅವ್ವಂಗೆ ಮಾತ್ ಕೊಟ್ಟಿದ್ದೆ. ನಿಮ್ಗೆ ಬರೀಬೇಕು ಅನ್ಸಿದ್ದೆಲ್ಲ... ಅದೇ ಮಾತು."

ಒಳಗೆ ವಾದ್ಯದವರು ಡೋಲು ಸರಿಮಾಡಿಕೊಳ್ಳುತ್ತಿದ್ದರು. ರಂಜಿತ ಇನ್ನು ಯೋಚಿಸಲಿಲ್ಲ. ಬಾಗಿಲಿಗೆ ಹೋಗಿ, ತುಂಬಿದ ಸಭೆಯ ಮುಂದೆ ಕೂಗಿದಳು.

"ದೊಡ್ಡಪ್ಪ, ಒಂದು ಗಳಿಗೆ ನಿಲ್ಸಿ! ಗೂಬೆ ಹಿಡಿದಿದ್ದು ನಾನು. ಅವರು ಮುಟ್ಟೇ ಇಲ್ಲ!"

ಚಿಕ್ಕಮಾದಯ್ಯ ಎದ್ದು ನಿಂತರು. "ಏನ್ ಯೋಳ್ತಿದ್ದೀಯ ಗೊತ್ತೇನವ್ವ? ನಾಳೆ ನಿನ್ನ ಯಾರ್ ಕೇಳ್ಕಂಡ್ ಬತ್ತಾರೆ?"

"ಬರ್ದಿದ್ರೆ ಬೇಡ! ಅಣ್ಣ ಇದ್ದೂ ತಂಗಿಯ ಧಾರೆಗೆ ಅವರ ಕೈ ಇಲ್ದಂಗೆ ಆಗ್ಬಾರ್ದು."

ಮಣೆಯ ಮೇಲಿದ್ದ ಮೇಘನ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅಣ್ಣಾ, ಒಳಿಕೆ ಬಾರೋ! ನೀನ್ ಬಾರ್ದೆ ನಾನ್ ಕೈ ಚಾಚಲ್ಲ!"

ಚಿಕ್ಕಮಾದಯ್ಯ ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದು ಬೆವರಲ್ಲ ಎಂದು ಹತ್ತಿರವಿದ್ದವರಿಗೆ ಗೊತ್ತಾಯಿತು. "ಬಾರ್ಲಾ ದಿಲೀಪ! ಸುಳ್ ಯೋಳಿದ್ಕೆ ಆಮೇಲ್ ಉಗೀತೀನಿ, ಮೂರ್ತ ಮೀರ್ತದೆ!"

ಅವನು ಒಳಗೆ ಹೋದ. ರಂಜಿತ ಹೊಸ್ತಿಲಿಂದ ಹಿಂದೆ ಸರಿದು, ಹೊಂಗೆ ಮರದಡಿಯ ಕಲ್ಲುಬೆಂಚಿನ ಮೇಲೆ ಕೂತಳು. ಅವನು ಇಟ್ಟುಹೋಗಿದ್ದ ನೀರು ಕುಡಿದಳು. ಎಷ್ಟು ತಂಪು!

ಗಟ್ಟಿಮೇಳ ಮೊಳಗಿತು. ಅವಳು ಕಣ್ಣುಮುಚ್ಚಿ ಕೈಮುಗಿದಳು. 'ಭಗವಂತ, ಆ ಗೂಬೆಯನ್ನು ದಾರಿ ತಪ್ಪಿದ ಜೀವ ಅಂದುಕೊಂಡಿದ್ದೆ. ನಮ್ಮ ಮನೆ ಬಾಗಿಲು ತೋರಿಸಿ ಕಳಿಸಿದವನು ನೀನೇ. ಅದು ಬಾರದೆ ಇದ್ದಿದ್ದರೆ ಕಾಫಿ ಕೊಟ್ಟು, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಇವನು ಇಂಥ ಮನುಷ್ಯ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ...'

ಯಾರೋ ಹತ್ತಿರ ಬಂದಂತಾಗಿ ಕಣ್ಣು ತೆರೆದಳು. ಪುಟ್ಟಲಕ್ಷ್ಮಮ್ಮ! ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು.

"ನೀನು ಒಳಿಕೆ ಬರಂಗಿಲ್ಲ ಅಂತವ್ರೆ. ನಾನು ಆಚೆಗ್ ಬಂದು ಕುಂಕುಮ ಇಡಂಗಿಲ್ಲ ಅಂತ ಯಾರೂ ಯೋಳಿಲ್ವಲ್ಲ?" ಹಣೆಗೆ ಕುಂಕುಮವಿಟ್ಟು ಗಲ್ಲ ಹಿಡಿದರು. "ಬೀಗ ತೆಗ್ಯೋ ದಿಸ ಮೊದ್ಲು ನಾನೇ ಬತ್ತೀನಿ ಕಣ್ ಮಗ, ನಿನ್ನ ಕೇಳಕ್ಕೆ."

ರಂಜಿತ ಅವರ ಕಾಲಿಗೆರಗಿದಳು.

ಅವರು ಒಳಹೋದ ಮೇಲೆ ದಿಲೀಪ್ ಬಂದ. ಧಾರೆಯ ಹಾಲು ಅವನ ಬೆರಳುಗಳ ಮೇಲೆ ಇನ್ನೂ ಆರಿರಲಿಲ್ಲ.

"ನಿಮ್ ಋಣ ಹೆಂಗ್ ತೀರಿಸ್ಲಿ ರಂಜಿತ?"

"ಅದು ನಾನು ಕೇಳ್ಬೇಕಾದ ಮಾತು."

"ಇನ್ನೂ ಹದಿಮೂರು ದಿನ ಐತೆ. ಅಲ್ಲೀಗಂಟ ನೀವು ಶುಭದ ಮಾತು ಆಡಂಗಿಲ್ಲ."

"ನೀವು ಆಡ್ಬೋದಲ್ಲ?"

ಅವನು ಸುತ್ತ ನೋಡಿದ. ಗಂಟಲು ಸರಿಮಾಡಿಕೊಂಡ. "ನನ್ನ ಮದ್ವೆ ಆಗ್ತೀರಾ?"

ಅವಳ ತುಟಿ ತೆರೆದು, ಮತ್ತೆ ಮುಚ್ಚಿಕೊಂಡಿತು. ಕಣ್ಣು ತುಂಬಿ ಬಂತು. ಬೆಂಚಿನ ಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ಉತ್ರ?" ಎಂದ ಅವನು, ಕೂರುತ್ತಾ.

"ಹದಿಮೂರು ದಿನ ಕಾಯ್ರಿ," ಎಂದಳು ಅವಳು, ಅವನ ಹಾಲಿನ ಕೈಯನ್ನು ತನ್ನ ಸೆರಗಿನಿಂದ ಒರೆಸುತ್ತಾ.